ಮುಯ್ಯಾಳಿನ ಕರೆಂಟು

ಆಷಾಢದ ಮಳೆ ಹಿಡಿದು ಮೂರು ದಿನವಾಗಿತ್ತು. ಹೊಸನಗರ ತಾಲ್ಲೂಕಿನ ನಮ್ಮೂರಲ್ಲಿ ಕರೆಂಟು ಹೋಗಿಯೂ ಅಷ್ಟೇ ಹೊತ್ತಾಗಿತ್ತು. ಗಾಳಿಗೆ ಎಲ್ಲೋ ಕಾಡಿನ ನಡುವೆ ಮರ ಬಿದ್ದು ಲೈನು ಕಡಿದಿದೆ ಎಂಬುದಷ್ಟೇ ಸುದ್ದಿ. ಮೊಬೈಲುಗಳೆಲ್ಲ ಸತ್ತಿದ್ದವು, ಮಿಕ್ಸಿ ಮೂಲೆ ಸೇರಿ ಒರಳು ಕಲ್ಲಿಗೆ ಮತ್ತೆ ಕೆಲಸ ಬಂದಿತ್ತು. ಆದರೆ ಗದ್ದೆ ಬಯಲಿನಾಚೆಯ ಗುಡ್ಡದ ಮೇಲೆ ಹಾದುಹೋಗುವ ಹೈಟೆನ್ಷನ್ ಲೈನು ಮಾತ್ರ ಸುರ್ ಎಂದು ಸದ್ದು ಮಾಡುತ್ತಲೇ ಇತ್ತು. ಗಾಳಿಯಲ್ಲಿ ತೇವ ತುಂಬಿದಾಗ ಆ ತಂತಿಗಳು ಹಾಗೆ ಹಾಡುತ್ತವೆ. ಜಗಲಿಯಲ್ಲಿ ಕೂತಿದ್ದ ಅಕ್ಕನ ಮಗ ಅದನ್ನೇ ಕಿವಿಗೊಟ್ಟು ಕೇಳಿ, "ಮಾಮ, ಅದ್ರಲ್ಲಿ ಕರೆಂಟ್ ಇದ್ಯಲ್ಲ, ನಮ್ಗ್ಯಾಕಿಲ್ಲ?" ಎಂದ.

ಒಂಬತ್ತು ವರ್ಷದ ಹುಡುಗನ ಈ ಪ್ರಶ್ನೆಯನ್ನು ಮಲೆನಾಡಿನ ದೊಡ್ಡವರೂ ಅರವತ್ತು ವರ್ಷಗಳಿಂದ ಕೇಳುತ್ತಿದ್ದಾರೆ. ಅದಕ್ಕೆ ಉತ್ತರ ಹೇಳಬೇಕಾದರೆ ಆ ತಂತಿ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ಅದರೊಳಗೆ ಹರಿಯುವುದನ್ನು ಯಾರು ಹಂಚುತ್ತಾರೆ ಎಂಬುದನ್ನೆಲ್ಲ ಬಿಡಿಸಬೇಕು.

ಮೊದಲು ತಂತಿಯ ವಿಷಯ. ಟವರಿನ ಕೈಯಿಂದ ತಂತಿಯನ್ನು ಇಳಿಬಿಟ್ಟ ಪಿಂಗಾಣಿ ಬಿಲ್ಲೆಗಳ ಸರವನ್ನು ಎಣಿಸಿದರೆ ಅದರ ಜಾತಿ ತಿಳಿಯುತ್ತದೆ. ಏಳೆಂಟು ಬಿಲ್ಲೆಗಳಿದ್ದರೆ 110 ಕೆವಿ, ಹದಿನಾಲ್ಕರ ಆಸುಪಾಸು ಇದ್ದರೆ 220 ಕೆವಿ, ಇಪ್ಪತ್ತು ದಾಟಿದರೆ 400 ಕೆವಿ. ಒಂದು ಕೆವಿ ಎಂದರೆ ಸಾವಿರ ವೋಲ್ಟ್, ನಮ್ಮ ಮನೆಗೆ ಬೇಕಾದದ್ದು 230 ವೋಲ್ಟ್. ದೊಡ್ಡ ಲೈನಿನ ಕರೆಂಟು ರಿಸೀವಿಂಗ್ ಸ್ಟೇಷನ್ನಿನಲ್ಲಿ ಇಳಿದು 110 ಆಗಿ, ಅಲ್ಲಿಂದ 33 ಅಥವಾ 11 ಕೆವಿಯಾಗಿ, ಕಾಡು ತೋಟ ದಾಟಿ, ಊರ ಬದಿಯ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಬಂದು ಮುಟ್ಟಿದ ಮೇಲಷ್ಟೇ ನಮ್ಮ ಬಲ್ಬು ಉರಿಯುವುದು. ಗುಡ್ಡದ ಮೇಲಿನ ಟವರು ಎತ್ತರದಲ್ಲಿ ನಿಂತಿದೆ, ಅದರ ಎರಡೂ ಬದಿ ಸೇರಿ ಮೂವತ್ತೈದು ಮೀಟರ್ ಅಗಲಕ್ಕೆ ಮರ ಕಡಿದು ದಾರಿ ಮಾಡಿದ್ದಾರೆ. ಹಾಗಾಗಿ ಮಳೆಗಾಳಿಗೆ ಅದು ಜಗ್ಗುವುದಿಲ್ಲ. ನಮ್ಮ ಹನ್ನೊಂದು ಕೆವಿ ಲೈನು ಕಂಬದಿಂದ ಕಂಬಕ್ಕೆ ಮರಗಳ ನಡುವೆಯೇ ನುಸುಳಿ ಬರುತ್ತದೆ, ಒಂದು ಮತ್ತಿ ಕೊಂಬೆ ಮುರಿದು ಬಿದ್ದರೂ ಸಾಕು.

ಇನ್ನು ಅದು ಎಲ್ಲಿಂದ ಬಂತು ಎನ್ನುವುದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ರಾಮ ಬಾಣ ಬಿಟ್ಟಲ್ಲಿ ಚಿಮ್ಮಿದಳು ಎನ್ನುವ ಶರಾವತಿ, ಹೊಸನಗರದ ಮಗ್ಗುಲಲ್ಲಿ ಹರಿದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ನಿಲ್ಲುತ್ತಾಳೆ. ಒಂದೇ ನದಿ ಮೂರು ತಾಲ್ಲೂಕನ್ನು ಹೊಲಿದಿದೆ. ನಗರ ಎಂಬ ಊರಿನ ಹತ್ತಿರದ ಚಕ್ರಾ, ಸಾವೆಹಕ್ಲು ಜಲಾಶಯಗಳ ನೀರನ್ನೂ ಕಾಲುವೆ ತೋಡಿ ಇದೇ ಲಿಂಗನಮಕ್ಕಿಗೆ ತಿರುಗಿಸಿದ್ದಾರೆ. ಅಲ್ಲಿಂದ ಮುಂದಿನ ಪ್ರಯಾಣದಲ್ಲಿ ಆ ನೀರು ಒಂದು ಸಲವಲ್ಲ, ಹಲವು ಸಲ ದುಡಿಯುತ್ತದೆ. ಅಣೆಕಟ್ಟಿನ ಬುಡದಲ್ಲಿ 55 ಮೆಗಾವ್ಯಾಟ್, ತಳಕಳಲೆ ಜಲಾಶಯದಲ್ಲಿ ಸ್ವಲ್ಪ ನಿಂತು ಕೊಳವೆಗಳಲ್ಲಿ ಧುಮುಕಿ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳಲ್ಲಿ 1,035, ಕೆಳಗೆ ಗೇರುಸೊಪ್ಪದಲ್ಲಿ ಮತ್ತೆ 240. ಜೋಗದ ಬುಡದ ಮಹಾತ್ಮ ಗಾಂಧಿ ವಿದ್ಯುದಾಗಾರ ಇವೆಲ್ಲಕ್ಕಿಂತ ಹಿರಿಯದು, 1948ರದು. ಅದರ ಈಗಿನ ಸಾಮರ್ಥ್ಯ 139.2 ಮೆಗಾವ್ಯಾಟ್. ಹೊಸನಗರ ತಾಲ್ಲೂಕಿನ ಮಾಣಿ ಅಣೆಕಟ್ಟಿನಲ್ಲಿ ನಿಂತ ವಾರಾಹಿಯ ನೀರು ಘಟ್ಟದ ಕೆಳಗೆ ಹೊಸಂಗಡಿಯ ನೆಲದೊಳಗಿನ ವಿದ್ಯುದಾಗಾರಕ್ಕೆ ಇಳಿದು 460 ಮೆಗಾವ್ಯಾಟ್ ಕೊಡುತ್ತದೆ.

ಇಷ್ಟೂ ಕರೆಂಟು ಬೆಂಗಳೂರಿಗೆ ಹೋಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತೇವೆ. ಆ ಮಾತಿನಲ್ಲಿ ನೋವಿದೆ, ಆ ನೋವು ನಿಜ. ಆದರೆ ಕರೆಂಟು ಕೊಡದಲ್ಲಿ ತುಂಬಿ ಕಳಿಸುವ ವಸ್ತುವಲ್ಲ. ಶರಾವತಿಯ ಯಂತ್ರ, ರಾಯಚೂರಿನ ಕಲ್ಲಿದ್ದಲ ಯಂತ್ರ, ಕೈಗಾದ ಅಣು ಸ್ಥಾವರ, ತಮಿಳುನಾಡಿನ ನೈವೇಲಿ, ತೆಲಂಗಾಣದ ರಾಮಗುಂಡಂ ಎಲ್ಲವೂ ಒಂದೇ ಹಗ್ಗಕ್ಕೆ ಕಟ್ಟಿದ ಎತ್ತುಗಳಂತೆ ಕಣ ಸುತ್ತುತ್ತಿರುತ್ತವೆ. ಯಾವ ಎತ್ತು ಎಷ್ಟು ಕಾಳು ಉದುರಿಸಿತು ಎಂದು ಕಣದಲ್ಲಿ ಬೇರೆ ಮಾಡಲಾಗದು. ಹೊರೆ ಹೆಚ್ಚಾದರೆ ಎಲ್ಲ ಎತ್ತುಗಳ ನಡೆಯೂ ಒಟ್ಟಿಗೇ ನಿಧಾನವಾಗುತ್ತದೆ, ಹಗುರಾದರೆ ಒಟ್ಟಿಗೇ ಚುರುಕಾಗುತ್ತದೆ. ಆ ನಡೆಯ ಲೆಕ್ಕವನ್ನೇ ಫ್ರೀಕ್ವೆನ್ಸಿ ಎನ್ನುವುದು. ನಮ್ಮಲ್ಲಿ ಅದು ಸೆಕೆಂಡಿಗೆ 50 ಆವರ್ತ. 49.90ಕ್ಕಿಂತ ಕೆಳಗಿಳಿಯಬಾರದು, 50.05ಕ್ಕಿಂತ ಮೇಲೇರಬಾರದು ಎಂಬುದು ಈಗಿನ ಕಟ್ಟಳೆ.

ಹಾಗಾದರೆ ಹಂಚಿಕೆ ಹೇಗೆ? ಮಲೆನಾಡಿನವರಿಗೆ ಇದನ್ನು ತಿಳಿಸಲು ಒಳ್ಳೆಯ ಶಬ್ದವಿದೆ: ಮುಯ್ಯಾಳು. ನಟ್ಟಿಗೋ ಕೊಯ್ಲಿಗೋ ಅಡಿಕೆ ಸುಲಿಯುವುದಕ್ಕೋ ಒಂದು ಮನೆಗೆ ಹತ್ತು ಮನೆಯವರು ಹೋಗುತ್ತಾರೆ. ಕೂಲಿ ಇಲ್ಲ. ನಾಳೆ ಅವರ ಮನೆಗೆ ಇವರು ಹೋಗಿ ಮುಯ್ಯಿ ತೀರಿಸಬೇಕು. ಯಾರ ಮನೆಯಿಂದ ಎಷ್ಟು ಆಳು ಬಂದಿತ್ತು ಎಂಬುದು ಯಾರೂ ಬರೆದಿಡದಿದ್ದರೂ ಎಲ್ಲರ ನೆನಪಲ್ಲಿರುತ್ತದೆ. ರಾಜ್ಯ ರಾಜ್ಯಗಳ ನಡುವಿನ ವಿದ್ಯುತ್ ಜಾಲ ಶುರುವಾದದ್ದೂ ಹೀಗೆಯೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದಾಗ ಅದು ಒಂದು ತುದಿಯಿಂದ ಇನ್ನೊಂದು ತುದಿಗೆ ಕೊಡುವ ಕೆಲಸವಷ್ಟೇ ಆಗಿತ್ತು. ಕೊಟ್ಟು ತೆಗೆದುಕೊಳ್ಳುವ ವ್ಯವಸ್ಥೆ ಬಂದದ್ದು 1964ರಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾದದ್ದೂ ಅದೇ ವರ್ಷ. ದೇಶವನ್ನು ಐದು ವಲಯ ಮಾಡಿ ಒಂದೊಂದಕ್ಕೆ ಪ್ರಾದೇಶಿಕ ವಿದ್ಯುತ್ ಮಂಡಳಿ ರಚಿಸಿದರು. ದಕ್ಷಿಣದ ಮಂಡಳಿ ಬೆಂಗಳೂರಿನಲ್ಲಿ ನೆಲೆಯೂರಿತು. ಅಂದಿನ ಮೈಸೂರು ರಾಜ್ಯದಲ್ಲಿ ಶರಾವತಿಯಿಂದಾಗಿ ಬೇಕಾದ್ದಕ್ಕಿಂತ ಹೆಚ್ಚು ವಿದ್ಯುತ್ ಇತ್ತು, ನೆರೆಯ ರಾಜ್ಯಗಳ ಮನೆಗಳಲ್ಲೂ ನಮ್ಮ ಹೊಳೆಯ ದೀಪ ಉರಿಯಿತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಲೆಕ್ಕ ತಿರುವುಮುರುವಾಗಿ, ನಾವೇ ಕೈಚಾಚುವ ಕಾಲ ಬಂತು.

ಮುಯ್ಯಾಳು ಪದ್ಧತಿ ಕೆಡುವುದು ಯಾವಾಗ ಎಂದರೆ, ಎಲ್ಲರ ಮನೆಯಲ್ಲೂ ಒಂದೇ ದಿನ ಕೊಯ್ಲು ಬಂದಾಗ. ತೊಂಬತ್ತರ ದಶಕದಲ್ಲಿ ದಕ್ಷಿಣದ ಜಾಲದಲ್ಲಿ ಆದದ್ದು ಇದೇ. ಎಲ್ಲ ರಾಜ್ಯಗಳಲ್ಲೂ ಕೊರತೆ, ಎಲ್ಲರೂ ತಮಗೆ ಬಂದ ಪಾಲಿಗಿಂತ ಹೆಚ್ಚು ಎಳೆಯುವವರೇ. ಫ್ರೀಕ್ವೆನ್ಸಿ 48ರ ಹತ್ತಿರಕ್ಕೆ ಕುಸಿಯುವುದು ಆಗ ಮಾಮೂಲಾಗಿತ್ತು. ಮಂಡಳಿಯ ಸಭೆಯಲ್ಲಿ ಬೇಡಿಕೊಳ್ಳಬಹುದಿತ್ತು, ಬೈದುಕೊಳ್ಳಬಹುದಿತ್ತು, ಹೆಚ್ಚು ಎಳೆದವರ ಕೈ ಹಿಡಿಯುವ ಉಪಾಯ ಇರಲಿಲ್ಲ. 2003ರ ಜನವರಿ 1ರಿಂದ ದಕ್ಷಿಣದಲ್ಲಿ ಹೊಸ ದರಪದ್ಧತಿ ಬಂತು. ಜಾಲ ಬಳಲುತ್ತಿರುವ ಹೊತ್ತಿನಲ್ಲಿ ಹೆಚ್ಚು ಎಳೆದರೆ ಯೂನಿಟ್ಟಿಗೆ ದುಬಾರಿ ತೆರಬೇಕು, ಆಗ ಪಾಲಿಗಿಂತ ಕಡಿಮೆ ಎಳೆದವರಿಗೆ ಹಣ ಸಿಗುತ್ತದೆ. ನೆನಪಿನಲ್ಲಿದ್ದ ಮುಯ್ಯಿ ಲೆಕ್ಕ ಮೀಟರಿಗೆ ಇಳಿಯಿತು. ಬೈಗುಳಕ್ಕೆ ಬಗ್ಗದಿದ್ದ ಜಾಲ ಬಿಲ್ಲಿಗೆ ಬಗ್ಗಿತು. ಕೆಲವೇ ತಿಂಗಳಲ್ಲಿ ಅದರ ನಡೆ ನೆಟ್ಟಗಾಯಿತು. ನಮ್ಮ ಸಾರ್ವಜನಿಕ ವ್ಯವಸ್ಥೆಗಳಲ್ಲಿ ಇಷ್ಟು ಬೇಗ ಫಲ ಕೊಟ್ಟ ತಿದ್ದುಪಡಿಗಳು ಕಡಿಮೆ ಎಂದೇ ನನ್ನ ಎಣಿಕೆ.

ಈಗ ಆ ಹಳೆಯ ಮಂಡಳಿಗೆ ದಕ್ಷಿಣ ಪ್ರಾದೇಶಿಕ ವಿದ್ಯುತ್ ಸಮಿತಿ ಎಂದು ಹೆಸರು. ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡು, ಕೇರಳ, ಪುದುಚೇರಿ ಅದರಲ್ಲಿವೆ. ಅಧ್ಯಕ್ಷಗಿರಿ ಸರದಿಯ ಮೇಲೆ ಬರುತ್ತದೆ. ಯಾವ ತಿಂಗಳು ಯಾವ ಲೈನನ್ನು ರಿಪೇರಿಗೆ ನಿಲ್ಲಿಸಬೇಕು, ಯಾವ ಯಂತ್ರ ರಜೆ ಹೋಗಬೇಕು ಎಂಬುದನ್ನೆಲ್ಲ ಅದರ ಉಪಸಮಿತಿಗಳು ತಿಂಗಳು ತಿಂಗಳು ಕೂತು ಗೊತ್ತು ಮಾಡುತ್ತವೆ. ಒಬ್ಬರು ಲೈನು ನಿಲ್ಲಿಸಿದರೆ ಇನ್ನೊಬ್ಬರ ಲೈನಿನ ಮೇಲೆ ಹೊರೆ ಬೀಳುವುದರಿಂದ ಯಾರೂ ಮನಸ್ಸಿಗೆ ಬಂದಾಗ ನಿಲ್ಲಿಸುವಂತಿಲ್ಲ. ದಿನದ ದುಡಿಮೆಯನ್ನು ನೋಡಿಕೊಳ್ಳುವುದು ಬೆಂಗಳೂರಿನಲ್ಲೇ ಇರುವ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರ. ಅದರ ಕೆಳಗೆ ರಾಜ್ಯಕ್ಕೊಂದು ಕೇಂದ್ರ. ಅಲ್ಲಿ ದಿನಕ್ಕೆ ಇಪ್ಪತ್ನಾಲ್ಕು ಗಂಟೆಯಲ್ಲ, ತೊಂಬತ್ತಾರು ಕಾಲುಗಂಟೆಗಳು. ಹಿಂದಿನ ದಿನವೇ ಪ್ರತಿಯೊಂದು ಕಾಲುಗಂಟೆಗೂ ಯಾರು ಎಷ್ಟು ಹುಟ್ಟಿಸಬೇಕು, ಯಾರು ಎಷ್ಟು ಎಳೆಯಬೇಕು ಎಂದು ಪಟ್ಟಿ ಸಿದ್ಧವಾಗುತ್ತದೆ. ಮರುದಿನ ಮೋಡ ಕವಿದರೆ, ಗಾಳಿ ನಿಂತರೆ, ಒಂದು ಸ್ಥಾವರ ಕೈಕೊಟ್ಟರೆ ಪಟ್ಟಿ ತಿದ್ದುತ್ತಾರೆ.

ಇಲ್ಲಿಯೇ ಶರಾವತಿಯ ನಿಜವಾದ ಬೆಲೆ ಇರುವುದು. ಕಲ್ಲಿದ್ದಲ ಒಲೆ ಆರಿದರೆ ಮತ್ತೆ ಕಾಯಲು ತಾಸುಗಟ್ಟಲೆ ಬೇಕು. ನೀರಿನ ಯಂತ್ರ ಬಾಗಿಲು ತೆರೆದ ಕೆಲವೇ ನಿಮಿಷಗಳಲ್ಲಿ ಪೂರ್ತಿ ಹೊರೆ ಹೊರುತ್ತದೆ. ಪಾವಗಡದ ಸೌರ ಪಾರ್ಕು 2,050 ಮೆಗಾವ್ಯಾಟಿನದು. ಸಂಜೆ ಆರು ಗಂಟೆಗೆ ಸೂರ್ಯ ಇಳಿದಾಗ ಅದರ ಉತ್ಪತ್ತಿಯೂ ಇಳಿಯುತ್ತದೆ, ಅದೇ ಹೊತ್ತಿಗೆ ಊರೂರಲ್ಲಿ ದೀಪ ಹತ್ತುತ್ತವೆ. ಆ ಕಂದಕವನ್ನು ತುಂಬಲು ಜೋಗದ ಕಣಿವೆಯ ಯಂತ್ರಗಳು ಏಳಬೇಕು. ಇಡೀ ಜಾಲ ಸತ್ತುಬಿದ್ದರೂ ಹೊರಗಿನ ಕರೆಂಟಿಲ್ಲದೆ ತಾನೇ ಎದ್ದು ಬೇರೆಯವರನ್ನು ಎಬ್ಬಿಸುವ ಶಕ್ತಿಯೂ ಇಂಥ ಜಲವಿದ್ಯುತ್ ಘಟಕಗಳಿಗಿದೆ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಾದಾಗ ಅಲ್ಲಿ ಮೊದಲು ಎದ್ದವುಗಳಲ್ಲಿ ಜಲವಿದ್ಯುತ್ ಘಟಕಗಳಿದ್ದವು, ಫ್ರಾನ್ಸ್ ಮತ್ತು ಮೊರಾಕ್ಕೊ ಕಡೆಯ ತಂತಿಗಳೂ ಕೈಹಿಡಿದು ಎತ್ತಿದವು. ನಮ್ಮ ಮಳೆನೀರು ಬರೀ ಯೂನಿಟ್ಟುಗಳ ಲೆಕ್ಕವಲ್ಲ, ಇಡೀ ದಕ್ಷಿಣ ಭಾರತದ ಆಪತ್ತಿನ ಗಂಟು ಅದು. ಯೂನಿಟ್ಟಿನ ದರದಲ್ಲಿ ಮಾತ್ರ ಅದನ್ನು ಅಳೆಯುವುದು ಸರಿಯಲ್ಲ.

ಜಾಲ ಬೆಳೆಸುವಾಗ ಎಂಜಿನಿಯರುಗಳು ಹಿಡಿಯುವ ಮೊದಲ ಸೂತ್ರ ಘಟ್ಟದ ದಾರಿ ಬಲ್ಲವರಿಗೆಲ್ಲ ಗೊತ್ತಿರುವಂಥದ್ದು. ಆಗುಂಬೆ ಘಾಟಿಯಲ್ಲಿ ಗುಡ್ಡ ಜರಿದರೆ ಬಸ್ಸು ಲಾರಿಗಳೆಲ್ಲ ಹುಲಿಕಲ್ ಕಡೆಗೆ ತಿರುಗುತ್ತವೆ. ಹುಲಿಕಲ್ ಆ ಹೊರೆ ತಡೆದುಕೊಳ್ಳಬೇಕು. ಅದೂ ಕುಸಿದರೆ ತೀರ್ಥಹಳ್ಳಿ, ಹೊಸನಗರ ಎರಡಕ್ಕೂ ಕರಾವಳಿ ದೂರವಾಗುತ್ತದೆ. ಒಂದು ಲೈನು ಕಡಿದರೂ ಉಳಿದವು ತಾಳುವಂತಿರಬೇಕು ಎಂಬುದು ಜಾಲದ ಯೋಜನೆಯ ಬುನಾದಿ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಅದು ಮುರಿಯಿತು. ಬೀನಾ–ಗ್ವಾಲಿಯರ್ ಲೈನು ಕಳಚಿದ್ದೇ ಅದರ ಹೊರೆ ಬೇರೆ ಲೈನುಗಳ ಮೇಲೆ ಬಿದ್ದು, ಅವೂ ಒಂದಾದ ಮೇಲೊಂದು ಕಳಚಿ, ಎರಡನೆಯ ದಿನ ಅರವತ್ತು ಕೋಟಿಗೂ ಹೆಚ್ಚು ಜನರ ನಾಡು ಕತ್ತಲಾಯಿತು. ದಕ್ಷಿಣ ಉಳಿಯಿತು. ಆಗ ದಕ್ಷಿಣದ ಜಾಲ ಬೇರೆ ನಡೆಯಲ್ಲಿತ್ತು. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬಂದ ಡಿಸಿ (ಏಕಮುಖ ವಿದ್ಯುತ್) ಲೈನಿನಂಥವು ಮಾತ್ರ ಎರಡನ್ನೂ ಬೆಸೆದಿದ್ದವು. ಅವುಗಳ ಮೂಲಕ ವಿದ್ಯುತ್ ದಾಟುತ್ತದೆ, ನಡೆಯ ಏರುಪೇರು ದಾಟುವುದಿಲ್ಲ. ಆದರೆ ಹಾಗೆ ದೂರ ನಿಂತದ್ದರಿಂದ ಕೊರತೆಯ ದಿನ ಹೊರಗಿನಿಂದ ಬೇಕಾದಷ್ಟು ತರುವುದೂ ಆಗುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕೆವಿ ಲೈನಿನ ಮೂಲಕ ದಕ್ಷಿಣವೂ ದೇಶದ ಜಾಲಕ್ಕೆ ಸೇರಿತು. ಅಂದಿನಿಂದ ಶರಾವತಿಯ ಯಂತ್ರ ಮತ್ತು ಹಿಮಾಚಲದ ಯಂತ್ರ ಒಂದೇ ತಾಳಕ್ಕೆ ತಿರುಗುತ್ತಿವೆ.

ಹಾಗೆ ಸೇರಿದ್ದರ ಬೆಲೆ ನಮಗೆ ತಿಳಿದದ್ದು 2023ರಲ್ಲಿ. ಆ ವರ್ಷ ಮಳೆ ಕೈಕೊಟ್ಟಿತು. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಮಳೆಗಾಲದಲ್ಲಿ ಸಾಗರ ಪೇಟೆಯಲ್ಲಿ ಪತ್ರಿಕೆ ಬಿಡಿಸುವವರು ಮೊದಲು ನೋಡುವ ಅಂಕಿ ಅದೇ. ಆ ವರ್ಷ ಅದು ತುಂಬಲೇ ಇಲ್ಲ. ಆಗ ಕರ್ನಾಟಕ ಪಂಜಾಬ್ ಮತ್ತು ಉತ್ತರ ಪ್ರದೇಶಗಳ ಜೊತೆ ವಿನಿಮಯದ ಒಪ್ಪಂದ ಮಾಡಿಕೊಂಡಿತು: ಚಳಿಗಾಲ, ಬೇಸಿಗೆಯಲ್ಲಿ ಅವರು ನಮಗೆ ಕೊಡುವುದು, ಅಲ್ಲಿ ಭತ್ತಕ್ಕೆ ನೀರೆತ್ತುವ ಮುಂಗಾರಿನ ತಿಂಗಳುಗಳಲ್ಲಿ ನಾವು ತಿರುಗಿ ಕೊಡುವುದು. ದುಡ್ಡಿಗೆ ಕೊಂಡದ್ದಲ್ಲ, ಕರೆಂಟಿಗೆ ಕರೆಂಟು. ಪಂಜಾಬಿನ ಗದ್ದೆ ಮತ್ತು ಮಲೆನಾಡಿನ ಮಳೆ ಒಂದಕ್ಕೊಂದು ಮುಯ್ಯಾಳಾಗಿ ಹೋದವು. ಹಿಮಾಲಯದಲ್ಲೂ ಇದೇ ನಡೆಯುತ್ತಿದೆ. ಮಳೆಗಾಲದಲ್ಲಿ ಮಿಗುವ ನೇಪಾಳದ ಹೊಳೆಯ ಕರೆಂಟು 2024ರ ನವೆಂಬರಿನಲ್ಲಿ ಮೊದಲ ಸಲ ಭಾರತದ ತಂತಿ ಹಾದು ಬಾಂಗ್ಲಾದೇಶ ಮುಟ್ಟಿತು. ಬರೀ 40 ಮೆಗಾವ್ಯಾಟ್. ಅಷ್ಟಕ್ಕೆ ಮೂರು ದೇಶಗಳ ಸಹಿ ಬೇಕಾಯಿತು.

ಜಾಲ ಬೇಕೆಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನನ್ನ ತಕರಾರು ಬೇರೆ. ರಾಜ್ಯ ರಾಜ್ಯಗಳ ನಡುವೆ ಕಾಲುಗಂಟೆಗೊಮ್ಮೆ ಲೆಕ್ಕ ಇಡುವ ಈ ವ್ಯವಸ್ಥೆ, ನೀರು ಕೊಟ್ಟ ಊರಿನ ಹೆಸರಿನಲ್ಲಿ ಒಂದು ಖಾತೆಯನ್ನೂ ತೆರೆದಿಲ್ಲ. ಲಿಂಗನಮಕ್ಕಿಯ ಹಿನ್ನೀರು ಮುನ್ನೂರು ಚದರ ಕಿಲೋಮೀಟರಿಗೂ ಮಿಗಿಲಾದ ನೆಲವನ್ನು ನುಂಗಿತು. ಗದ್ದೆ, ತೋಟ, ದೇವಸ್ಥಾನ, ಮದುವೆಯ ಸಂಬಂಧಗಳೂ ಮುಳುಗಿದವು. ಸಾಗರದಲ್ಲೇ ಬಾಳಿದ ಕಾದಂಬರಿಕಾರ ನಾ. ಡಿಸೋಜರು ಲೋಕೋಪಯೋಗಿ ಇಲಾಖೆಯಲ್ಲಿದ್ದು ಇದನ್ನು ಹತ್ತಿರದಿಂದ ಕಂಡು 'ಮುಳುಗಡೆ', 'ದ್ವೀಪ' ಬರೆದರು. ಹಿನ್ನೀರಿನಾಚೆಯ ಕರೂರು, ತುಮರಿ ಸೀಮೆಯ ಜನ ಪೇಟೆಗೆ ಬರಲು ತಲೆಮಾರುಗಟ್ಟಲೆ ಲಾಂಚಿಗೆ ಕಾದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈ 14ರಂದು. ಅಣೆಕಟ್ಟು ಕಟ್ಟಿ ಆಗಲೇ ಅರವತ್ತೊಂದು ವರ್ಷವಾಗಿತ್ತು.

ತಂತಿಯ ದಾರಿಯಲ್ಲೂ ಇದೇ ಕಥೆ. 400 ಕೆವಿ ಲೈನಿಗೆ 46 ಮೀಟರ್ ಅಗಲದ ದಾರಿ ಬೇಕು, ಆ ದಾರಿಯಲ್ಲಿ ಅಡಿಕೆ, ತೆಂಗು ನಿಲ್ಲುವಂತಿಲ್ಲ. ಭೂಮಿ ರೈತನ ಹೆಸರಲ್ಲೇ ಉಳಿಯುತ್ತದೆ, ಬೆಳೆ ಉಳಿಯುವುದಿಲ್ಲ. ಬಯಲುಸೀಮೆಯ ಜೋಳದ ಹೊಲದ ಮೇಲೆ ತಂತಿ ಹೋದರೆ ಕೆಳಗೆ ಜೋಳ ಬೆಳೆಯಬಹುದು. ಅಡಿಕೆ ತೋಟದ ಮೇಲೆ ಹೋದರೆ ಇಪ್ಪತ್ತು ವರ್ಷ ಸಾಕಿದ ಮರ ಉರುಳುತ್ತದೆ. ತಾಳಗುಪ್ಪದಿಂದ ನೆಲಮಂಗಲದ ಕಡೆಗೆ ಹೋದ ಲೈನಾಗಲಿ, ಕೇರಳಕ್ಕೆ ಬಲ ತುಂಬಲೆಂದು ಯೋಜಿಸಿದ ಉಡುಪಿ–ಕಾಸರಗೋಡು 400 ಕೆವಿ ಲೈನಾಗಲಿ ಇಂಥ ಹಸಿರು ಸೀಮೆಯನ್ನು ಹಾಯದೆ ವಿಧಿಯಿಲ್ಲ. ಉಡುಪಿ, ದಕ್ಷಿಣ ಕನ್ನಡದ ಕೃಷಿಕರು ಆ ಎರಡನೆಯದನ್ನು ವರ್ಷಗಟ್ಟಲೆ ತಡೆದು ನಿಂತದ್ದು ಹಟಕ್ಕಲ್ಲ. ತಂತಿ ಎಳೆಯುವ ಅಧಿಕಾರ ಇಂದಿಗೂ 1885ರ ಟೆಲಿಗ್ರಾಫ್ ಕಾಯ್ದೆಯ ಬಲದಿಂದ ಬರುತ್ತದೆ, ಅದಕ್ಕೆ ಮಾಲೀಕನ ಒಪ್ಪಿಗೆ ಬೇಕಿಲ್ಲ. ಕೇಂದ್ರದ 2015ರ ಮಾರ್ಗಸೂಚಿಯಲ್ಲಿ ಟವರಿನ ಕಾಲಿಗೆ ಭೂಮಿ ಬೆಲೆಯ ಶೇ. 85, ತಂತಿಯ ದಾರಿಗೆ ಹೆಚ್ಚೆಂದರೆ ಶೇ. 15 ಪರಿಹಾರವಿತ್ತು. 2024ರ ಜೂನ್‌ನಲ್ಲಿ ಅದು ಶೇ. 200 ಮತ್ತು ಶೇ. 30 ಆಯಿತು. ದೊಡ್ಡ ಹೆಜ್ಜೆಯೇ. ಆದರೆ ತೋಟ ಕಳೆದುಕೊಂಡವನಿಗೆ ದಾರಿಯ ಶೇ. 30 ಎಂಬುದು ಇನ್ನೂ ಜೋಳದ ಹೊಲದ ಲೆಕ್ಕ.

ನೀರು, ನೆಲ ಕೊಟ್ಟ ಊರಿಗೆ ಪಾಲು ಕೇಳುವುದು ಹೊಸದೇನೂ ಅಲ್ಲ. ಕೇಂದ್ರದ 2008ರ ಜಲವಿದ್ಯುತ್ ನೀತಿಯಲ್ಲಿ ಹುಟ್ಟಿದ ವಿದ್ಯುತ್ತಿನ ಶೇ. 1ರ ಪಾಲು ಸ್ಥಳೀಯ ಅಭಿವೃದ್ಧಿಗೆ, ಯೋಜನೆಯಿಂದ ಬಾಧೆಗೊಳಗಾದ ಪ್ರತಿ ಕುಟುಂಬಕ್ಕೂ ಹತ್ತು ವರ್ಷ ತಿಂಗಳಿಗೆ 100 ಯೂನಿಟ್ ಎಂದು ಬರೆದಿದ್ದಾರೆ. ಆ ನೀತಿ ಮುಂದೆ ಬರುವ ಯೋಜನೆಗಳಿಗೆ. ಶರಾವತಿಯವರು ನಾಲ್ಕು ದಶಕ ಮೊದಲೇ ಮನೆ ಬಿಟ್ಟಿದ್ದರು. ಶರಾವತಿ, ವಾರಾಹಿಗಳ ದುಡಿಮೆಯಲ್ಲಿ ಅಂಥದೇ ಒಂದು ಪಾಲನ್ನು ಈ ಮೂರು ತಾಲ್ಲೂಕುಗಳ ಕೊನೆಯ ಲೈನುಗಳಿಗೆ ಮೀಸಲಿಟ್ಟರೆ ಏನು ಮಾಡಬಹುದೆಂದು ನೋಡಿ. ಕಾಡಿನೊಳಗಿನ ಹನ್ನೊಂದು ಕೆವಿ ತಂತಿಗೆ ಹೊದಿಕೆ ಹಾಕಬಹುದು, ಕೊಂಬೆ ತಾಗಿದರೂ ಆಗ ಕರೆಂಟು ಹೋಗದು. ತೀರಾ ದಟ್ಟ ಕಾಡಿನಲ್ಲಿ ನೆಲದೊಳಗೆ ಕೇಬಲ್ ಎಳೆಯಬಹುದು. ಒಂದೊಂದು ಸಬ್‌ಸ್ಟೇಷನ್ನಿಗೂ ಎರಡು ಕಡೆಯಿಂದ ಲೈನು ಬರುವಂತೆ ಮಾಡಬಹುದು. ದೊಡ್ಡ ಜಾಲಕ್ಕೆ ಕಡ್ಡಾಯವಾದ ಆ ಘಟ್ಟದ ಸೂತ್ರ ನಮ್ಮೂರಿನ ಟಿಸಿಯ ತನಕವೂ ಇಳಿದು ಬರಬೇಕು.

ಈ ಖಾತೆ ತೆರೆಯುವ ಮೊದಲೇ ಹೊಸ ಬೇಡಿಕೆ ಬಂದಿದೆ. ತಳಕಳಲೆಯನ್ನು ಮೇಲಿನ ಕೆರೆ, ಗೇರುಸೊಪ್ಪವನ್ನು ಕೆಳಗಿನ ಕೆರೆ ಮಾಡಿ, ಹಗಲು ಮಿಕ್ಕ ಸೌರ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ ಸಂಜೆ ಇಳಿಸುವ 2,000 ಮೆಗಾವ್ಯಾಟಿನ ಯೋಜನೆ ಅದು. ನೂರು ಯೂನಿಟ್ ಹಾಕಿದರೆ ಎಪ್ಪತ್ತೈದೋ ಎಂಬತ್ತೋ ಮರಳಿ ಬರುತ್ತದೆ. ಜಾಲದ ಕಣ್ಣಿನಿಂದ ನೋಡಿದರೆ ಅದಕ್ಕೆ ಅರ್ಥವಿದೆ, ಸಂಜೆಯ ಕಂದಕ ವರ್ಷ ವರ್ಷ ಅಗಲವಾಗುತ್ತಿದೆ. ಆದರೆ ಆ ಎರಡು ಕೆರೆಗಳ ನಡುವಿನ ಕಣಿವೆ ಸಿಂಗಳೀಕಗಳ ಅಭಯಾರಣ್ಯ. ಸುರಂಗ, ರಸ್ತೆ, ಹೊಸ ತಂತಿಯ ದಾರಿ ಎಲ್ಲವೂ ಆ ಕಾಡನ್ನೇ ಸೀಳಬೇಕು. ಸಂಜೆಯ ಹೊರೆಗೆ ಬ್ಯಾಟರಿಯಂಥ ಬೇರೆ ದಾರಿಗಳು ಅಗ್ಗವಾಗುತ್ತಿರುವಾಗ, ಒಮ್ಮೆ ಕೊಟ್ಟ ಕಣಿವೆಯನ್ನೇ ಎರಡನೆಯ ಸಲ ಕೇಳುವುದು ನನಗೆ ಒಪ್ಪಿಗೆಯಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಾಗ ಇಬ್ಬರು ಲೈನ್‌ಮನ್ನರು ತೋಟದ ಅಂಚಿನಲ್ಲಿ ಬಂದರು. ಒಬ್ಬರ ಹೆಗಲಲ್ಲಿ ಹಗ್ಗ, ಕೈಯಲ್ಲಿ ಕತ್ತಿ, ಮೈಯೆಲ್ಲ ಇಂಬಳ ಕಚ್ಚಿದ ರಕ್ತ. ಅಕ್ಕ ಬಿಸಿ ಕಷಾಯ ಕೊಟ್ಟಳು. "ಎಷ್ಟು ಕಡೆ ಬಿದ್ದಿದೆ?" ಎಂದರೆ, "ಈ ಫೀಡರ್‌ಲ್ಲೇ ಹನ್ನೊಂದು ಕಡೆ, ಮಾರಾಯ್ರೇ. ಇದು ಒಂಬತ್ನೇದು" ಎಂದರು. ಸ್ಟೇಷನ್ನಿಗೆ ಫೋನು ಮಾಡಿ ಲೈನು ನಿಲ್ಲಿಸಿದ ಖಾತ್ರಿಯ ಎಲ್‌ಸಿ ತಗೊಂಡು, ಜಾರುವ ಕಂಬ ಹತ್ತಿ, ಹರಿದ ತಂತಿ ಎಳೆದು ಬಿಗಿದರು. ಹುಡುಗ ಅಷ್ಟೂ ಹೊತ್ತು ಕೊಡೆ ಹಿಡಿದು ಕೆಳಗೇ ನಿಂತಿದ್ದ. ಆಮೇಲೆ ಗುಡ್ಡದ ಟವರಿನ ಬಿಲ್ಲೆಗಳನ್ನು ಬೆರಳು ಮಡಚಿ ಎಣಿಸಿ, ಹದಿನಾಲ್ಕು ಎಂದು ಅವರಿಗೆ ಹೇಳಿದ. ಕಂಬದ ಮೇಲಿದ್ದವರು ಕೆಳಗೆ ನೋಡಿ, "ನಮ್ದರಲ್ಲಿ ಒಂದೇ, ತಮ್ಮಾ" ಎಂದರು. ಅವರು ಇನ್ನೂ ಎರಡು ಕಡೆ ಹೋಗಬೇಕಿತ್ತು. ಕರೆಂಟು ಬಂದಾಗ ರಾತ್ರಿ ಎಂಟೂವರೆ, ಹೊರಗೆ ಮಳೆ ಮತ್ತೆ ಹಿಡಿದಿತ್ತು.